ಅವಧಾನವೂ ನಿರ್ಣಯಶಕ್ತಿಯೂ

ವಿದ್ಯೆಯ ಪಕ್ವತೆ ಗೋಚರಿಸುವುದು ಬಿಡುವಿನಲ್ಲಲ್ಲ, ಇಕ್ಕಟ್ಟಿನಲ್ಲಿ. ಅಷ್ಟಾವಧಾನವು ಇದಕ್ಕೊಂದು ಉಜ್ಜ್ವಲ ನಿದರ್ಶನ. ಎಂಟು ಮಂದಿ ಪೃಚ್ಛಕರು ಸಮಸ್ಯಾಪೂರಣ, ದತ್ತಪದಿ, ಆಶುಕವಿತೆ ಮೊದಲಾದವನ್ನು ಒಡ್ಡುವರು. ಅವರಲ್ಲೊಬ್ಬನಾದ ಅಪ್ರಸ್ತುತಪ್ರಸಂಗಿಯು ನಡುನಡುವೆ ಏಕಾಗ್ರತೆಯನ್ನು ಕದಡುವನು. ಅವಧಾನಿಯು ಲೇಖನಿಯ ನೆರವಿಲ್ಲದೆ ಹಲವು ಪದ್ಯಗಳನ್ನು ನಾಲ್ಕು ಸುತ್ತುಗಳಲ್ಲಿ ಒಂದೊಂದೇ ಪಾದವಾಗಿ ರಚಿಸಿ, ಕೊನೆಗೆ ಧಾರಣದಿಂದ ಒಪ್ಪಿಸಬೇಕು. 2012ರಲ್ಲಿ ಬೆಂಗಳೂರಿನಲ್ಲಿ ಶತಾವಧಾನಿ ಡಾ. ಆರ್. ಗಣೇಶರು ಸಂಪೂರ್ಣ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು.

ಈ ಕಲೆಯಲ್ಲಿ ನಿಷೇಧಾಕ್ಷರಿಯೇ ನಿರ್ಣಯಶಕ್ತಿಯ ಒರೆಗಲ್ಲು. ಅವಧಾನಿಯು ಒಂದೊಂದಕ್ಷರ ನುಡಿದಂತೆ ಪೃಚ್ಛಕನು ಮುಂದಿನದನ್ನು ಊಹಿಸಿ ನಿಷೇಧಿಸುವನು. ಶಿವಸ್ತುತಿಗೆ ತೊಡಗಿ 'ಶಂ' ಎಂದನೆನ್ನೋಣ. 'ಶಂಕರ' ಎಂಬುದನ್ನು ಊಹಿಸಿ ಕಕಾರವನ್ನು ತಡೆದರೆ 'ಶಂಭುವೆ' ಎಂದು ಹೊರಳಬಹುದು. ಎರಡೂ ಸಂಬೋಧನೆಗಳೇ, ಎರಡೂ ಭಗಣಗಳೇ. ಛಂದಸ್ಸು ಕೆಡದು, ಅರ್ಥವೂ ಜಾರದು.

ಆದರೆ ಅಪಾಯ ಮುಂದಿದೆ. ಪದ್ಯದ ದ್ವಿತೀಯಾಕ್ಷರವೇ ಪ್ರಾಸಸ್ಥಾನ. 'ಭು' ಎಂದೊಡನೆ ಉಳಿದ ಮೂರು ಪಾದಗಳಿಗೂ ಅದೇ ಪ್ರಾಸದ ಕಟ್ಟು ಬಿದ್ದಿತು. ಕುಂಭ, ಸ್ತಂಭ, ಜೃಂಭಣ ಮೊದಲಾದ ಶಬ್ದಗಳು ಮೊದಲೇ ಮನದಲ್ಲಿ ನೆಲೆಸಿದವನಿಗೆ ಮಾತ್ರ ಆ ತಿರುವು ಕ್ಷೇಮಕರ. ಉಳಿದವನು ಇಂದಿನ ತೊಡಕನ್ನು ಬಿಡಿಸಿ ನಾಳಿನದನ್ನು ಕಟ್ಟಿಕೊಂಡಂತೆ.

ಆದುದರಿಂದ ಕ್ಷಣದ ನಿರ್ಣಯವೆಂಬುದು ಕ್ಷಣದಲ್ಲಿ ಹುಟ್ಟಿದ್ದಲ್ಲ. ವರ್ಷಗಳ ವ್ಯಾಸಂಗದ ಫಲ. ಕಂಠಪಾಠವನ್ನು ಹಳಿಯುವವರೂ ಅದರಲ್ಲಿಯೇ ತೃಪ್ತರಾಗುವವರೂ ಇದನ್ನು ಮನಗಾಣಬೇಕು. ಧಾರಣವಿಲ್ಲದವನಿಗೆ ಆಯ್ಕೆಯೇ ಇಲ್ಲ. ಧಾರಣ ಮಾತ್ರವಿದ್ದವನಿಗೆ ಆಯುವ ವಿವೇಕವಿಲ್ಲ. ಮೊದಲು ಸಂಪತ್ತನ್ನು ತುಂಬಿ, ಬಳಿಕ ಸಣ್ಣಸಣ್ಣ ನಿಷೇಧಗಳನ್ನು ಒಡ್ಡಿ, ತಪ್ಪಿದಲ್ಲಿ ಅಲ್ಲಿಯೇ ತಿದ್ದುವ ಗುರುವೇ ಶಿಷ್ಯನನ್ನು ಇಕ್ಕಟ್ಟಿಗೆ ಸಿದ್ಧಗೊಳಿಸುವನು.