ಅರ್ಧ ಪುಟ ಓದಿ ಗ್ರೂಪಿಗೆ ಹಾಕಬೇಡಿ

ಕಲಬುರಗಿಯ ಹಳೆ ಓಣಿಗಳಲ್ಲೂ ಕಮಲಾಪುರದ ಕಡೆಯ ಹಳ್ಳಿಗಳಲ್ಲೂ ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟುವುದು ನಡೆದೇ ಇದೆ. ಟ್ರಂಕು ತೆಗೆದರೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರ ಸಿಗುತ್ತದೆ. ಉರ್ದು ಕಾಗದ, ಮೋಡಿ ಲಿಪಿಯ ಲೆಕ್ಕ, ಖಾಸ್ರಾ ಪಹಣಿಯ ನಕಲು. ಹೊಲದ ಕಾಗದ ಎತ್ತಿಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕುವವರೇ ಹೆಚ್ಚು. ಈಗೀಗ ನಿಮ್ಮಂಥ ಹುಡುಗ ಹುಡುಗಿಯರು ಅದನ್ನು ಬಿಚ್ಚಿ ನೋಡುತ್ತಿದ್ದೀರಿ, ಸಂತೋಷ. ಆದರೆ ಮೈ ಝುಂ ಎನಿಸುವ ಸಾಲು ಕಂಡ ಕೂಡಲೇ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಡುತ್ತೀರಲ್ಲ, ನನ್ನ ಚಿಂತೆ ಅದು.

ನಮ್ಮ ಕಾಲದ ರೋಗ ಬೇರೆ. ಆಗ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೈದರಾಬಾದಿನ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿಯ ಮಾತು ಬಂದರೆ ಮುತ್ಯಾಗಳು ಒಂದಿಷ್ಟು ಹೇಳಿ, ‘ಹೋಗ್ಲಿ ಬಿಡ್ರಿ, ಈಗ್ಯಾಕ ಅದು’ ಎಂದು ತಂಬಾಕಿನ ಚಂಚಿ ಬಿಚ್ಚುತ್ತಿದ್ದರು. ನಮಗೆ ಸಿಕ್ಕಿದ್ದು ಅರ್ಧ ಕಥೆ, ಪೂರ್ತಿ ಭಯ.

1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆ ಈ ಭಾಗದವರಿಗೆ ಗೊತ್ತು. ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಪ್ರತಿ ವರ್ಷ ಆ ದಿನ ಧ್ವಜ ಹಾರಿಸುತ್ತೇವೆ. ನಿಜಾಮನ ಸೀಮೆಗೆ ಭಾರತದ ಸೇನೆ ನುಗ್ಗಿದ ‘ಪೊಲೀಸ್ ಆಕ್ಷನ್’ ಹೊತ್ತಿನಲ್ಲಿ, ಅದಾದ ಮೇಲೆ ಏನಾಯಿತೆಂದು ಓದಿದವರು ಮಾತ್ರ ಕಡಿಮೆ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಊರೂರು ಸುತ್ತಿತು. 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಬಹಳ ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ (ಈಗಿನ ಕಲಬುರಗಿ), ಬೀದರ್, ನಾಂದೇಡ್. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ.

ಈಗ ನೋಡಿ, ಒಬ್ಬ ಗೋರಟಾದ ಪುಟವನ್ನಷ್ಟೇ ಹಿಡಿಯುತ್ತಾನೆ, ಇನ್ನೊಬ್ಬ ಸುಂದರಲಾಲರ ಸಂಖ್ಯೆಯನ್ನಷ್ಟೇ. ಸಂಖ್ಯೆ ಅಂದಾಜಿನದು, ತಲೆ ಎಣಿಸಿದ್ದಲ್ಲ ಎಂಬುದನ್ನೂ ಮರೆಯುತ್ತಾನೆ. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ: ಕೆಲವೆಡೆ ಹಿಂದೂ ನೇಕಾರರು ತಮ್ಮದೇ ಕಸುಬಿನ ಮುಸ್ಲಿಂ ನೇಕಾರರನ್ನು ಕಾಯಲು ನಿಂತರು, ಪ್ರಾಣವನ್ನೂ ಕೊಟ್ಟರು. ಅಪಹರಣವಾದ ಹೆಣ್ಣುಮಕ್ಕಳನ್ನು ಬಿಡಿಸಿ ತರಲು ನೆರವಾದ ಹಿಂದೂಗಳೂ ಇದ್ದರು. ಇದನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಂಡಿಲ್ಲ. ಪೂರ್ತಿ ಓದಿ, ಆಮೇಲೆ ಸಿಟ್ಟಾಗಿ.

ಜಾತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಿಜಾಮ ಸೀಮೆಯ ಜಾತಿ, ಬುಡಕಟ್ಟುಗಳ ಮೇಲೆ ಸೈಯದ್ ಸಿರಾಜ್ ಉಲ್ ಹಸನ್ ಅವರ ಪುಸ್ತಕ 1920ರಲ್ಲಿ ಬಂತು. ಸಂಶೋಧನೆ ಮಾಡುವ ಹುಡುಗರು ಇಂಥ ಪುಸ್ತಕಗಳನ್ನು ಓದಲೇಬೇಕಾಗುತ್ತದೆ. ಆ ಕಾಲದ ಬರಹಗಳಲ್ಲಿ ಕೆಲವು ಸಮುದಾಯಗಳನ್ನು ಹುಟ್ಟು ಕಳ್ಳರೆಂದೇ ಬರೆದಿರುತ್ತಾರೆ. ಅದರ ಮೇಲೆ ಮಾರ್ಕರ್ ಎಳೆಯಬೇಡಿ. ಶಬ್ದ ಅಳಿಸಿದರೆ ಅವಮಾನ ಮಾಡಿದವನೇ ಬಚಾವಾಗುತ್ತಾನೆ. ಹಾಗೆಂದು ಆ ಶಬ್ದವನ್ನು ನಿಮ್ಮ ಮಾತಾಗಿಯೂ ಬರೆಯಬೇಡಿ. ಯಾರು, ಯಾವ ಇಸವಿಯಲ್ಲಿ, ಯಾರ ಚಾಕರಿಯಲ್ಲಿದ್ದು ಬರೆದರು ಎಂದು ಮೊದಲು ಹೇಳಿ. ಕ್ಲಾಸಿನಲ್ಲಿ ಓದುವ ಮುನ್ನ ಒಂದು ಮಾತು ಎಚ್ಚರಿಸಿ. ಆ ಸಮುದಾಯದ ಹುಡುಗಿ ನಿಮ್ಮ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾಳೆ.

ದಫ್ತರದಲ್ಲಿ ಸಿಕ್ಕ ದೂರು ಅರ್ಜಿಯಲ್ಲಿ ಹೆಣ್ಣುಮಗಳ ಹೆಸರಿದ್ದರೆ ಮೂಲ ಕಾಗದ ಮುಟ್ಟಬೇಡಿ, ತೋರಿಸುವ ನಕಲಿನಲ್ಲಿ ಮಾತ್ರ ಹೆಸರು ಮುಚ್ಚಿ. ಅವಳ ಮೊಮ್ಮಕ್ಕಳು ಇದೇ ಊರಲ್ಲಿರಬಹುದು. ಓದುತ್ತಾ ಎದೆ ಭಾರವಾದರೆ ಎದ್ದು ಹೋಗಿ, ಯಾರ ಜೊತೆಗಾದರೂ ಮಾತಾಡಿ, ಮರುದಿನ ಮುಂದುವರಿಸಿ, ಅದರಲ್ಲಿ ನಾಚಿಕೆಯೇನಿಲ್ಲ.

ಉರ್ದು ಬಾರದಿದ್ದರೆ ಓದಬಲ್ಲ ಹಿರಿಯರು ಬಂದೇನವಾಜ್ ದರ್ಗಾದ ಸುತ್ತಿನ ಮೊಹಲ್ಲಾಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಹೋಗಿ ಪಕ್ಕದಲ್ಲಿ ಕೂತು ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿಸಿಕೊಳ್ಳಿ. ಕಾಗದದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಯಾವ ಮನೆಯಲ್ಲಿ, ಯಾವಾಗ ಸಿಕ್ಕಿತೆಂದು ಬರೆದು ಒಣ ಜಾಗದಲ್ಲಿಡಿ. ಸೆಲ್ಲೋಟೇಪ್ ಹಚ್ಚಬೇಡಿ. ರದ್ದಿಯವನಿಗಂತೂ ಕೊಡಲೇಬೇಡಿ.