ಬಯೊನೆಟ್ಟು ಹೊಲದ ಕತ್ತಿಯಾದೀತೇ?

ಬಂದೂಕಿನ ತುದಿಗೆ ಸಿಗಿಸುವ ಬಯೊನೆಟ್ಟು, ಅಂದರೆ ಸಂಗೀನು, ಗಟ್ಟಿ ಉಕ್ಕಿನದು. ಆ ಮಾದರಿಯ ಚಾಕುಗಳೂ ಮಾರಾಟಕ್ಕೆ ಬರುತ್ತವೆ. ಉಕ್ಕು ಗಟ್ಟಿಯಾದ ಮಾತ್ರಕ್ಕೆ ಅದು ಹೊಲದ ಕೆಲಸಕ್ಕೆ ಒದಗುವುದೇ ಎಂಬುದನ್ನು ಕೊಳ್ಳುವ ಮೊದಲು ವಿಚಾರಿಸಬೇಕು.

ಬಯೊನೆಟ್ಟನ್ನು ರೂಪಿಸಿರುವುದು ತಿವಿಯಲು. ಬ್ರಿಟಿಷರ ಕಾಲದ ಭಾರತೀಯ ಸೈನ್ಯದಲ್ಲಿ ಬಳಕೆಯಲ್ಲಿದ್ದ 1907ರ ಮಾದರಿಯ ಅಲಗು 17 ಅಂಗುಲ ಉದ್ದ, ನೇರ, ಬೆನ್ನು ದಪ್ಪ. ಎರಡನೆಯ ಮಹಾಯುದ್ಧದ 4ನೇ ನಂಬರಿನ ರೈಫಲ್ಲಿನ ಮೊದಲ ಬಯೊನೆಟ್ಟಂತೂ ಬರೀ ಮೊಳೆ, ಹುಲ್ಲನ್ನೂ ಕೊಯ್ಯದು.

ತುಂಗಭದ್ರೆಯ ದಡದ ಹಲವಾಗಲಿನ ಭತ್ತದ ಗದ್ದೆಯನ್ನೇ ತೆಗೆದುಕೊಳ್ಳಿ. ಕೊಯ್ಯುವವರು ಎಡಗೈಯಲ್ಲಿ ಪೈರು ಹಿಡಿದು, ಬಲಗೈಯ ಕುಡುಗೋಲನ್ನು ತಮ್ಮತ್ತ ಎಳೆಯುತ್ತಾರೆ. ಬಾಗಿದ ಅಲಗು ಪೈರನ್ನು ತನ್ನೊಳಗೆ ಕೂಡಿಸಿಕೊಳ್ಳುತ್ತದೆ. ನೇರ ಅಲಗಿನಲ್ಲಿ ಅದು ತುದಿಯತ್ತ ಜಾರುತ್ತದೆ. ಚೂಪು ಮೊನೆ ಕಾಲಿಗೋ ಪಕ್ಕದವರಿಗೋ ತಾಗೀತು. ಜಾಲಿ ಕಡಿಯಲು ಅಲಗಿನ ಮುಂಭಾಗ ತೂಕವಾಗಿರಬೇಕು. ಮಚ್ಚು ಹಾಗಿದೆ; ಬಯೊನೆಟ್ಟು ತುದಿಗೆ ಸಣ್ಣಗಾಗುತ್ತದೆ.

ಸಾಣೆ ಹಿಡಿದು ತೆಳುವಾಗಿಸೋಣವೆಂದರೆ ಇನ್ನೊಂದು ತೊಡಕು. ಯಂತ್ರದ ಸಾಣೆಯ ಕಾವಿಗೆ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಬೇಕು. ಆಮೇಲೆ ಹರಿತ ನಿಲ್ಲುವುದಿಲ್ಲ. ಆಗಾಗ ನೀರಿಗೆ ಅದ್ದುತ್ತ ಸಾಣೆ ಹಿಡಿಯಬೇಕು. ಕುಡುಗೋಲಿಗೂ ಇದೇ ಮಾತು.

ಕಾನೂನಿನ ತಕರಾರೂ ಉಂಟು. 1959ರ ಆಯುಧ ಕಾಯ್ದೆಯಡಿಯ ನಿಯಮಗಳು ಬಯೊನೆಟ್ಟನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಬೇಸಾಯಕ್ಕೆಂದೇ ಮಾಡಿದ ಕತ್ತಿಗಳನ್ನು ಬಿಟ್ಟಿವೆ.

ಗಟ್ಟಿ ಉಕ್ಕೇ ಬೇಕೆನ್ನುವವರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಒಯ್ದು ಊರಿನ ಕಮ್ಮಾರರಿಂದ ಕುಡುಗೋಲು ಮಾಡಿಸಿಕೊಳ್ಳಬಹುದು. ಹೆಣ್ಣಾಳು ಬಳಸುವುದಾದರೆ ಹಿಡಿಕೆಯನ್ನು ಅವರ ಕೈಯಳತೆಗೇ ಹಾಕಿಸಬೇಕು.