ಅರಿವು ಆಚಾರವಾಗಲಿ: ಕ್ಷಯರೋಗ ಕಲಿಸಿದ ಪಾಠ

ಶರಣರು ಅರಿವನ್ನೂ ಆಚಾರವನ್ನೂ ಬೇರೆಬೇರೆಯಾಗಿ ಕಾಣಲಿಲ್ಲ. ಅರಿತದ್ದು ನಡೆಯಲ್ಲಿ ತೋರದಿದ್ದರೆ ಅದು ಹೊರೆಯೇ ಸರಿ. ವೈದ್ಯಶಾಸ್ತ್ರಕ್ಕೂ ಈ ಮಾತು ಸಲ್ಲುತ್ತದೆ. ರೋಗವೊಂದರ ಕುರಿತು ಲೋಕದಲ್ಲಿರುವ ತಿಳಿವಳಿಕೆಯನ್ನು ಸಂಗ್ರಹಿಸಿ, ಸೋಸಿ, ರೋಗಿಯ ಎದುರು ಕುಳಿತವರಿಗೆ ಸಕಾಲದಲ್ಲಿ ತಲಪಿಸುವ ಕಾರ್ಯವನ್ನು ಇಂದು ಜ್ಞಾನ ನಿರ್ವಹಣೆ ಎನ್ನುತ್ತಾರೆ. ಆರೋಗ್ಯ ಸಿಬ್ಬಂದಿಗೆ ಅದರಲ್ಲಿ ತರಬೇತಿಯೂ ಉಂಟು. ಇದರ ನಿದರ್ಶನಕ್ಕೆ ನಾವು ದೂರ ಹೋಗಬೇಕಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಆದ್ದರಿಂದ ಎಕ್ಸರೇ ವಾಹನವನ್ನು ಊರೂರಿಗೆ ಒಯ್ದು ರೋಗಿಗಳನ್ನು ಹುಡುಕಬೇಕೆಂಬ ಭಾವನೆ ಆಗ ಬಲವಾಗಿತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಅವರು ರೋಗಿಗಳನ್ನೇ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯದನ್ನೇ ಹೇಳಿತು: ಬಹುಪಾಲು ರೋಗಿಗಳು ತಮ್ಮ ಲಕ್ಷಣಗಳನ್ನು ಅರಿತಿದ್ದರು, ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧಿಯ ಬಾಟಲಿ ಮಾತ್ರ! ಅರಿವಿನ ಕೊರತೆ ಇದ್ದದ್ದು ಮೇಜಿನ ಆಚೆ.

ಈ ಕೊರತೆಯ ಬೆಲೆ ಸಣ್ಣದಲ್ಲ. 1961ರಿಂದ 1968ರವರೆಗೆ ಅದೇ ಸಂಸ್ಥೆಯು ಬೆಂಗಳೂರು ಜಿಲ್ಲೆಯ 119 ಗ್ರಾಮಗಳನ್ನು ಮತ್ತೆ ಮತ್ತೆ ಸಮೀಕ್ಷಿಸಿತು. ನಮ್ಮ ನೆಲಮಂಗಲವೂ ಆಗ ಅದೇ ಜಿಲ್ಲೆಯ ತಾಲ್ಲೂಕು. ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ತೀರಿಕೊಂಡಿದ್ದರು.

ಇಂಥ ಅರಿವನ್ನು ಕಡತದಲ್ಲಿ ಕಟ್ಟಿಡಲಿಲ್ಲ. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೇ ತಂದಿತು. ಜಿಲ್ಲೆಗಳ ವೈದ್ಯರು, ಪ್ರಯೋಗಾಲಯದವರು, ಚಿಕಿತ್ಸಾ ಸಂಘಟಕರು ಬೆಂಗಳೂರಿಗೆ ಬಂದು ಕಲಿತು, ಮರಳಿ ತಮ್ಮ ಜಿಲ್ಲೆಯ ಸಿಬ್ಬಂದಿಗೆ ಕಲಿಸಿದರು. ಒಂದು ದೀಪ ಹಲವು ದೀಪಗಳನ್ನು ಹೊತ್ತಿಸುವ ಕ್ರಮವಿದು. ಸಂಸ್ಥೆಯನ್ನು ಕಟ್ಟುವಲ್ಲಿ ನೆರವಾದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು.

ಸದ್ಭಕ್ತರಾದ ನಾವು ಈ ಪಾಠದಿಂದ ಗ್ರಹಿಸಬೇಕಾದುದೇನು?

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆ, ಕಫದಲ್ಲಿ ರಕ್ತ — ಇವುಗಳಲ್ಲಿ ಒಂದು ಕಂಡರೂ ಔಷಧಿ ಅಂಗಡಿಯ ಬಾಟಲಿಗೆ ತೃಪ್ತರಾಗದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, "ಕಫ ಪರೀಕ್ಷೆ ಮಾಡಿಸಿ" ಎಂದು ಕೇಳಬೇಕು. ಕೇಳುವುದು ಅವಿನಯವಲ್ಲ. ಕಲ್ಲುಗಣಿಯ ದೂಳಿನಲ್ಲಿ ದುಡಿಯುವವರು, ಸಕ್ಕರೆ ಕಾಯಿಲೆಯವರು ವಿಶೇಷ ಎಚ್ಚರ ವಹಿಸಬೇಕು. ಪರೀಕ್ಷೆಯೂ ಮಾತ್ರೆಯೂ ಅಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನೀಡುವ ಸಹಾಯಧನ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಯಾಗಿದೆ.

ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಎರಡನೆಯ ತಿಂಗಳಿಗೆ ಮೈ ಹಗುರಾಯಿತೆಂದು ಮಾತ್ರೆ ಬಿಟ್ಟರೆ ರೋಗ ಮರುಕಳಿಸೀತು; ಔಷಧಿಗೆ ಜಗ್ಗದ ರೂಪವನ್ನೂ ತಾಳೀತು. ಹಳೆಯ ಚೀಟಿ, ವರದಿಗಳನ್ನು ಎಸೆಯದೆ ಒಂದೆಡೆ ಇಟ್ಟು ಪ್ರತಿ ಬಾರಿಯೂ ವೈದ್ಯರಿಗೆ ತೋರಿಸೋಣ. ಮನೆಯ ಮಟ್ಟಿಗೆ ಅದೇ ಜ್ಞಾನ ನಿರ್ವಹಣೆ. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು ನಿಂತಲ್ಲೇ ಕಳುಹಿಸದೆ, ಕೂರಿಸಿ, ನಿಜ ನುಡಿಯೋಣ. ರೋಗವನ್ನು ಮುಚ್ಚಿಡುವುದರಿಂದ ಮನೆತನದ ಮಾನ ಉಳಿಯದು. ಮನೆಯ ಮಕ್ಕಳಿಗೆ ಸೋಂಕು ತಗಲುತ್ತದೆ.

ಅನ್ನದಾಸೋಹದಲ್ಲಿ ಪಂಕ್ತಿಭೇದವಿಲ್ಲದಂತೆ ಅರಿವಿನ ದಾಸೋಹದಲ್ಲೂ ಭೇದವಿರಬಾರದು. ಇದನ್ನು ಓದಿದವರು, ಓದಲು ಬಾರದ ಒಬ್ಬ ಹಿರಿಯರಿಗಾದರೂ ಓದಿ ಹೇಳಿ.